ಏರಿನಲ್ಲಿ ನಿಲ್ಲುವ ಚುಕ್ಕಿ

ಬೆಳಗಿನ ಪಾಳಿಗೆ ಬಂದು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಕಡ್ಡಿಯ ಫೋನ್ ಗುರ್ ಎಂದಿತು. ‘ಗುಂಡ ಓಟ ಶುರು ಮಾಡಿದ್ದಾನೆ.’

ಗುಂಡ ತೀರಿಕೊಂಡು ವರ್ಷವಾಗಿತ್ತು. ಹೋದ ಬೇಸಿಗೆಯ ಕಾಡ್ಗಿಚ್ಚಿನಲ್ಲಿ, ಗುಡ್ಡದ ಆಚೆ, ಗಾಳಿ ತಿರುಗಿ. ಅವತ್ತು ಕಡ್ಡಿಯೂ ಅವನ ಜೊತೆ ಹೋಗಬೇಕಿತ್ತು. ಕಾಲು ಉಳುಕಿ ಠಾಣೆಯಲ್ಲೇ ಉಳಿದ. ಉಳುಕು ವಾರದಲ್ಲಿ ಸರಿಹೋಯಿತು, ಮಿಕ್ಕದ್ದು ಸರಿಹೋಗಲಿಲ್ಲ. ತಾನೇ ಕೇಳಿಕೊಂಡು ಅಗ್ನಿಶಾಮಕ ಪಡೆಯಿಂದ ಕಂಟ್ರೋಲ್ ರೂಮಿನ ಮೇಜಿಗೆ ಬಂದು ಕುಳಿತಿದ್ದ.

ಇಬ್ಬರೂ ಓಟದ ಆ್ಯಪ್ ಒಂದರಲ್ಲಿ ಜೊತೆಗಾರರು. ಒಬ್ಬ ಓಡಿದರೆ ಇನ್ನೊಬ್ಬನ ಫೋನಿನಲ್ಲಿ ಹಸಿರು ಚುಕ್ಕಿಯೊಂದು ಊರಿನ ನಕ್ಷೆಯ ಮೇಲೆ ಸರಿಯುತ್ತಿತ್ತು, ಪಕ್ಕದಲ್ಲಿ ಎದೆಬಡಿತದ ಅಂಕಿ. ಕೆಲವು ತಿಂಗಳ ಹಿಂದೆ, ಸತ್ತವನ ಎದೆ ಒಂದು ಮುಂಜಾನೆ ಮತ್ತೆ ಬಡಿಯತೊಡಗಿದಾಗ ಕಡ್ಡಿಯ ಕೈಯಲ್ಲಿದ್ದ ಟೀ ಹಾಗೇ ಆರಿಹೋಗಿತ್ತು.

ಯಾರೋ ಗುಂಡನ ವಾಚ್ ಕಟ್ಟಿಕೊಂಡಿದ್ದಾರೆ ಎಂದು ತಲೆಗೆ ಗೊತ್ತಿತ್ತು. ಆ ಮನೆಯಲ್ಲಿ ಉಳಿದವರು ಇಬ್ಬರೇ, ತಾಯಿ ಮತ್ತು ತಂಗಿ, ತಾಯಿಗೆ ಮಂಡಿನೋವು. ಇದನ್ನು ಬಿಡಿಸಲು ಮೇಷ್ಟ್ರು ಬೇಕಿರಲಿಲ್ಲ. ಆದರೆ ಫೋನ್ ಮಾಡಿ ಕೇಳಿಬಿಟ್ಟರೆ ಗುಂಡ ಇನ್ನೊಮ್ಮೆ ಸಾಯುತ್ತಾನೆ. ಅದಕ್ಕೇ ಕಡ್ಡಿ ಕೇಳಲಿಲ್ಲ. ದಿನಾ ಚಪ್ಪಾಳೆಯ ಗುರುತನ್ನು ಒಂದು ಸಲ ಒತ್ತುತ್ತಿದ್ದ. ಒತ್ತಿದರೆ ಆ ಕಡೆ ವಾಚ್ ಸುಮ್ಮನೆ ನಡುಗುತ್ತದೆ, ಯಾರೆಂದು ಹೇಳುವುದಿಲ್ಲ.

ಒಂದೇ ಒಂದು ವಿಷಯ ಅವನನ್ನು ಕಾಡುತ್ತಿತ್ತು. ಗುಡ್ಡದ ಏರಿನ ನಡುವೆ ಚುಕ್ಕಿ ನಿಂತುಬಿಡುತ್ತಿತ್ತು. ಗುಂಡ ಒಂದು ದಿನವೂ ಅಲ್ಲಿ ನಿಂತವನಲ್ಲ. ಕಡ್ಡಿ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಚುಕ್ಕಿ ಮತ್ತೆ ಹೊರಟರೆ ಅವನ ದಿನವೂ ಹೊರಡುತ್ತಿತ್ತು.

“ಏನಯ್ಯಾ ಕಡ್ಡಿ, ಪರೀಕ್ಷೆ ಯಾವಾಗ?” ಪಾಳಿಯ ಮುಖ್ಯಸ್ಥೆ ಮೇಡಂ ಅಂದು ಬೆಳಿಗ್ಗೆಯೂ ಕೇಳಿದರು. ಪಡೆಗೆ ಮರಳಬೇಕಾದರೆ ಭಾರದ ಚೀಲ ಹೊತ್ತು ಏರು ಹತ್ತಿ ತೋರಿಸಬೇಕು. ವರ್ಷದ ಕುರ್ಚಿವಾಸದಲ್ಲಿ ಕಡ್ಡಿ ಅನ್ನುವ ಹೆಸರು ಉಳಿದಿತ್ತು, ಕಡ್ಡಿ ಉಳಿದಿರಲಿಲ್ಲ.

“ಡ್ಯೂಟಿ ಮೇಲೆ ಡ್ಯೂಟಿ ಮೇಡಂ. ಪ್ರಾಕ್ಟೀಸಿಗೆ ಟೈಮೆಲ್ಲಿದೆ?”

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ.”

ಅವರ ಮಾತು ಮುಗಿಯುವ ಮುಂಚೆ ವೈರ್‌ಲೆಸ್ ಕಿರುಚಿತು. ವಾರದಿಂದ ಗುಡ್ಡದ ಆಚೆ ಉರಿಯುತ್ತಿದ್ದ ಬೆಂಕಿಗೆ ಗಾಳಿ ತಿರುಗಿತ್ತು. ಹೋದ ವರ್ಷದ ಹಾಗೆಯೇ. ತಪ್ಪಲಿನ ಬೀದಿಗಳನ್ನು ಈಗಲೇ ಖಾಲಿ ಮಾಡಿಸಬೇಕು. ಗುಂಡನ ಮನೆಯೂ ಅಲ್ಲೇ.

ಕಡ್ಡಿ ಫೋನ್ ನೋಡಿದ. ಚುಕ್ಕಿ ಏರಿನ ಬುಡದಲ್ಲಿತ್ತು.

ವರ್ಷದಿಂದ ಒತ್ತದ ನಂಬರ್ ಒತ್ತಿದ. ಗುಂಡನ ತಾಯಿ ಎತ್ತಿಕೊಂಡರು. “ಕಡ್ಡಿನಾ? ನಮ್ಮನೆ ನಂಬರ್ ನೆನಪಾಗೋಕೆ ಒಂದು ವರ್ಷ ಬೇಕಾಯ್ತೇನೋ?”

“ಅಮ್ಮಾ, ಆಮೇಲೆ ಬೈಯಿರಿ. ಬಸ್ ಬರುತ್ತೆ, ಹತ್ತಿಬಿಡಿ. ನಿಮ್ಮ ಮಗಳೆಲ್ಲಿ?”

“ಬಾಲ ಓಡೋಕೆ ಹೋದಳಪ್ಪ. ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದು ಮಲಗೇ ಅಂದ್ರೂ ಕೇಳಲಿಲ್ಲ. ಫೋನ್ ಇಲ್ಲೇ ಬಿಟ್ಟಿದಾಳೆ.”

ಚಿಕ್ಕಂದಿನಿಂದ ಅಣ್ಣನ ಹಿಂದೆಯೇ ಸುತ್ತುತ್ತಿದ್ದವಳು, ಅದಕ್ಕೇ ಬಾಲ. ಅವಳನ್ನು ತಲುಪಲು ಕಡ್ಡಿಗೆ ಉಳಿದದ್ದು ಚಪ್ಪಾಳೆ ಒಂದೇ. ಒತ್ತಿದ. ಮತ್ತೆ ಒತ್ತಿದ. ನಿಲ್ಲು, ನಿಲ್ಲು ಎನ್ನುತ್ತ ಬೆರಳು ನೋಯುವಷ್ಟು ಒತ್ತಿದ.

ಚುಕ್ಕಿ ದಿನಾ ನಿಲ್ಲುವ ಜಾಗಕ್ಕೆ ಬಂತು. ನಿಲ್ಲಲಿಲ್ಲ. ಇನ್ನೂ ಜೋರಾಗಿ, ಬೆಂಕಿಯ ಕಡೆಗೇ ಏರತೊಡಗಿತು.

ಕಡ್ಡಿ ಮೇಡಂ ಕಡೆ ತಿರುಗಿದ. ಒಂದೇ ಉಸಿರಿಗೆ ಎಲ್ಲ ಹೇಳಿದ. ಮೇಡಂ ಅವನ ಮುಖ ನೋಡಿ ಹೆಡ್‌ಫೋನ್ ಕಿತ್ತುಕೊಂಡರು. “ಗಾಡಿಗಳೆಲ್ಲಾ ಆಚೆ ಇವೆ. ನನ್ನ ಜೀಪ್ ತಗೊಂಡು ನೀನೇ ಹೋಗು. ಈ ಕುರ್ಚಿ ನಾನು ನೋಡ್ಕೋತೀನಿ.”

ಜೀಪು ಗುಡ್ಡದ ಬುಡದ ಗೇಟಿನವರೆಗೆ ಮಾತ್ರ. ಅಲ್ಲಿಂದ ಮೇಲಕ್ಕೆ ಕಾಲುದಾರಿ. ಬೆನ್ನಿಗೆ ನೀರು, ಮಾಸ್ಕು, ಕಂಬಳಿ ತುರುಕಿದ ಚೀಲ. ಹೊಗೆ ಮೊದಲು ಮೂಗಿಗೆ, ಆಮೇಲೆ ಕಣ್ಣಿಗೆ, ಆಮೇಲೆ ನೆನಪಿಗೆ ಹೊಕ್ಕಿತು. ತೊಡೆ ಉರಿಯಿತು. ಎದೆ ಸಾಕೆಂದಿತು. ಆಗ ಮುಂದೆ, ಬೂದಿ ಬಣ್ಣದ ಆ ಮಬ್ಬಿನಲ್ಲಿ, ಹೆಜ್ಜೆ ಸದ್ದು ಕೇಳಿಸಿತು. ಕಾಲು ಕೊಂಚ ಎಳೆದು ಇಡುವ ಅದೇ ಸದ್ದು. ಗುಂಡನದೇ ಓಟ.

“ಗುಂಡಾ!” ಎಂದು ಕೂಗಿಬಿಟ್ಟ.

ಸದ್ದು ನಿಂತಿತು. ಮಬ್ಬಿನಿಂದ ಹೊರಬಂದದ್ದು ಅವಳು. ಬೆವರಿನಲ್ಲಿ ತೊಯ್ದ ಮುಖ, ಅಣ್ಣನದೇ ಹುಬ್ಬು, ಆದರೆ ಕಣ್ಣು ಮಾತ್ರ ಯಾರದ್ದೂ ಅಲ್ಲ, ಅವಳದೇ. ಆ ಕಣ್ಣು ಅವನ ಮೇಲೆ ನಿಂತು ಕದಲಲಿಲ್ಲ.

“ಅಣ್ಣನ್ನ ಕರೆದ್ರಾ?” ಪಿಸುಗುಟ್ಟಿದಳು.

“ನಿಲ್ಲಿ ಅಂತ ಆಗ್ಲಿಂದ ಒತ್ತಿದ್ದೇ ಒತ್ತಿದ್ದು! ಓಡ್ತಾನೇ ಇದೀರಲ್ಲ!”

ಅವಳು ಮಣಿಕಟ್ಟು ನೋಡಿಕೊಂಡಳು. “ಚಪ್ಪಾಳೆ... ನೀವಾ? ದಿನಾ?”

“ದಿನಾ. ಮಾತು ಆಮೇಲೆ. ಗಾಳಿ ತಿರುಗಿದೆ, ಇಳೀರಿ.”

ಅವಳ ಹಿಂದೆ ಗುಡ್ಡದ ನೆತ್ತಿ ಕೆಂಪಾಗಿತ್ತು. ಮಾಸ್ಕನ್ನು ಅವಳ ಮುಖಕ್ಕೆ ಹಿಡಿದು, ದಾರವನ್ನು ಕಿವಿಗೆ ಸಿಕ್ಕಿಸಿದ. ಅವಳು ಅವನ ಬೆರಳನ್ನು ಒಂದು ಕ್ಷಣ ಅಲ್ಲೇ ಒತ್ತಿ ಹಿಡಿದಳು. ಆಮೇಲೆ ಇಬ್ಬರೂ ಕೈ ಹಿಡಿದು ಇಳಿದರು, ಗೇಟಿನವರೆಗೂ ಬಿಡಲಿಲ್ಲ.

ತಪ್ಪಲಿನವರನ್ನೆಲ್ಲ ಶಾಲೆಯೊಂದರಲ್ಲಿ ಕೂರಿಸಿದ್ದರು. ತಾಯಿಗೆ ಮಗಳನ್ನು ಒಪ್ಪಿಸಿ ಕಡ್ಡಿ ಹೊರಗಿನ ಮೆಟ್ಟಿಲ ಮೇಲೆ ಕುಸಿದ. ಅವಳು ನೀರು ತಂದು ಪಕ್ಕದಲ್ಲಿ ಕುಳಿತಳು.

“ಕಡ್ಡಿಯವರೇ, ಹೆಸರು ಬದಲಾಯಿಸ್ಕೋಬಾರದಾ? ಹೊಟ್ಟೆ ಕಾಣ್ತಿದೆ.”

“ಬೆಂಕಿಗೆ ಹೆದರದವರು, ನನ್ನ ಹೊಟ್ಟೆಗೆ ಹೆದರ್ತೀರಾ?”

ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. “ಅವತ್ತು ಅಣ್ಣ ವಾಚ್ ಚಾರ್ಜಿಗೆ ಹಾಕಿ ಮರೆತು ಹೋಗಿದ್ದ. ಆಮೇಲೂ ಅಮ್ಮ ದಿನಾ ಚಾರ್ಜ್ ಮಾಡ್ತಾನೇ ಇದ್ದಳು, ಅದು ಆರಿಹೋಗಬಾರದು ಅಂತ. ಅದರಲ್ಲಿರೋ ಅವನ ಹೆಸರು ಮಾತ್ರ ಮುಟ್ಟಬೇಡ ಅಂತ ಹೇಳಿನೇ ನನಗೆ ಕೊಟ್ಟಳು.”

“ಏರಲ್ಲಿ ದಿನಾ ನಿಲ್ತಿದ್ರಿ.”

“ಉಸಿರಾಟದ ವಾರ್ಡಲ್ಲಿ ಕೆಲಸ. ಈ ಹೊಗೆಗೆ ಅಲ್ಲಿ ತಲೆ ಕೆರೆದುಕೊಳ್ಳೋಕೂ ಪುರುಸೊತ್ತಿಲ್ಲ. ಬೇರೆಯವರ ಉಸಿರು ನೋಡ್ಕೊಂಡು ಬಂದು, ಏರಲ್ಲಿ ನನ್ನ ಉಸಿರೇ ಸೋತುಹೋಗ್ತಿತ್ತು. ಆಗ ವಾಚ್ ನಡುಗ್ತಿತ್ತು, ‘ಏಳೇ ಬಾಲ’ ಅಂದ ಹಾಗೆ. ನಗಬೇಡಿ, ಅಣ್ಣನೇ ಅಂದ್ಕೊಂಡಿದ್ದೆ. ಈ ಏರು ನಿಲ್ಲದೆ ಹತ್ತು ನೋಡೋಣ ಅಂತ ಯಾವಾಗಲೂ ರೇಗಿಸ್ತಿದ್ದ. ಇವತ್ತು ಅಷ್ಟು ಚಪ್ಪಾಳೆ ಬಂತಲ್ಲ, ಹತ್ತಲೇಬೇಕು ಅನಿಸ್ತು.”

ಕಡ್ಡಿ ನೀರಿನ ಲೋಟ ಕೆಳಗಿಟ್ಟ. “ನಾನೂ ಅವನೇ ಓಡ್ತಿದಾನೆ ಅಂತ ನೋಡ್ತಿದ್ದೆ.”

“ಹಾಗಾದ್ರೆ ನಿಮಗೆ ನಾನು ದೆವ್ವ, ನನಗೆ ನೀವು ದೆವ್ವ.” ಅವಳು ವಾಚನ್ನು ಅಂಗೈಯಿಂದ ಮುಚ್ಚಿದಳು. “ಒಂದು ಕೇಳ್ತೀನಿ, ನಿಜ ಹೇಳಿ. ಇವತ್ತು ಬಂದದ್ದು ಯಾರಿಗೋಸ್ಕರ? ಕೂಗಿದ್ದು ಅವನ ಹೆಸರು.”

“ಹೊಗೇಲಿ ಅವನ ಹೆಸರು ಬಾಯಿಗೆ ಬಂತು, ಸುಳ್ಳು ಹೇಳಲ್ಲ. ಆದರೆ ಗುಂಡ ಏರಲ್ಲಿ ನಿಂತವನಲ್ಲ. ನಿಲ್ತಿದ್ದವರು ನೀವು. ನಿಂತ ಮೇಲೂ ಮತ್ತೆ ಹೊರಡ್ತಿದ್ರಲ್ಲ, ಅದಕ್ಕೇ ನಾನು ದಿನಾ ಕಾಯ್ತಿದ್ದದ್ದು. ಅದು ಅವನಲ್ಲ ಅಂತ ಗೊತ್ತಿದ್ದೇ ಕಾಯ್ತಿದ್ದೆ.”

ಅವಳು ಅಂಗೈ ಸರಿಸಿ ವಾಚ್ ನೋಡಿದಳು. “ನಂಬಬೇಕು ಅಂತ ಆಸೆ. ಆದರೆ ಇದರಲ್ಲಿ ಅವನ ಹೆಸರಿರೋ ತನಕ ನಂಬೋಕಾಗಲ್ಲ. ಹೆಸರು ತೆಗೆಯೋಕೂ ಕೈ ಬರಲ್ಲ.”

ಬೆಂಕಿ ತಪ್ಪಲಿಗೆ ಇಳಿಯಲಿಲ್ಲ. ಪಡೆಯವರು ಅದನ್ನು ನೆತ್ತಿಯಲ್ಲೇ ತಡೆದರು. ಜನ ಮನೆಗೆ ಮರಳಿದರು, ಹೊಗೆ ತಿಳಿಯಾಯಿತು. ಕಡ್ಡಿಯ ಫೋನ್ ಮಾತ್ರ ಬೆಳಿಗ್ಗೆ ಗುರ್ ಎನ್ನಲಿಲ್ಲ. ಮರುದಿನವೂ ಇಲ್ಲ. ಕೊನೆಗೆ ತಡೆಯಲಾರದೆ ಆ್ಯಪ್ ತೆರೆದು ನೋಡಿದ. ಜೊತೆಗಾರರ ಸಾಲಿನಲ್ಲಿ ಗುಂಡನ ಹೆಸರೇ ಇರಲಿಲ್ಲ.

ಗೆಳೆಯ ಸತ್ತ ದಿನ ಅಳದವನು, ಹೆಣ ಎತ್ತಿದ ದಿನ ಅಳದವನು, ಕಂಟ್ರೋಲ್ ರೂಮಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತ. ಮೇಡಂ ಬಾಗಿಲು ತಟ್ಟಲಿಲ್ಲ.

ರಜೆಯ ದಿನ ಬೆಳಿಗ್ಗೆ, ಹಾಸಿಗೆಯಲ್ಲಿದ್ದಾಗಲೇ, ಫೋನ್ ಗುರ್ ಎಂದಿತು. ‘ಬಾಲ ನಿಮ್ಮ ಜೊತೆಗಾರರಾಗಲು ಕೇಳುತ್ತಿದ್ದಾರೆ. ಒಪ್ಪುವಿರಾ?’

ಒಪ್ಪಿದ. ನಕ್ಷೆಯ ಮೇಲೆ ಹೊಸ ಚುಕ್ಕಿ ಮೂಡಿತು. ಬೀದಿ ದಾಟಿತು, ಗೇಟು ದಾಟಿತು, ಏರಿನ ನಡುವೆ ಬಂದು ನಿಂತಿತು. ಕಡ್ಡಿ ಉಸಿರು ಬಿಗಿಹಿಡಿದು ಕಾದ. ಎದೆಬಡಿತ ನಿಧಾನವಾಗುತ್ತ ಬಂತು. ಚುಕ್ಕಿ ಹೊರಡಲಿಲ್ಲ.

ಆಮೇಲೆ ಒಂದು ಸಾಲು ಬಂತು. “ಹೆಸರು ಅಮ್ಮನೇ ತೆಗೆಸಿದಳು. ಇಲ್ಲೇ ನಿಂತಿದೀನಿ. ಇನ್ನೂ ನೋಡ್ತಾನೇ ಕೂತಿರ್ತೀಯಾ? ಬಾ.”

ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಕಡ್ಡಿ ಚಪ್ಪಾಳೆ ಒತ್ತಲಿಲ್ಲ. ಬೂಟು ಹುಡುಕಿದ.