ವೇಲಿಗೆ ಸಿಕ್ಕಿಸಿದ ಮೈಕು

"ರೀ, ಸ್ವಲ್ಪ ಪಕ್ಕಕ್ಕೆ ಹೋಗಿ! ಫ್ರೇಮಿಗೆ ಬರ್ತಿದ್ದೀರ!"

ಭಾನುಪ್ರಕಾಶ್ ವೇಣಿಗೆ ಹೇಳಿದ ಮೊದಲ ಮಾತೇ ಇದು. ಮಾಕಳಿಯಲ್ಲಿ ಅವಳ ಮನೆ ಜಗಲಿಯ ಮೇಲೇ ನಿಂತು ಅವಳನ್ನೇ ಪಕ್ಕಕ್ಕೆ ಹೋಗು ಅನ್ನುವುದೇ! ಮೈ ಉರಿದುಹೋಯಿತು. ಆದರೆ ಅವನು ತಲೆಯೆತ್ತಿ "ಸಾರಿ ಕಣ್ರೀ..." ಅಂದಾಗ ಆ ಉರಿ ಎಲ್ಲಿ ಹೋಯಿತೋ!

ಅವಳ ಅಜ್ಜಿ ಸಿದ್ದಕ್ಕನ ಸೋಬಾನೆ ಪದಗಳ ಮೇಲೆ ಅವನು ಸಾಕ್ಷ್ಯಚಿತ್ರ ಮಾಡುತ್ತಿದ್ದ. ಪೀಣ್ಯದ ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ನೋಡುವ ವೇಣಿಗೆ ಇದು ವಿಚಿತ್ರ ಅನ್ನಿಸಿತ್ತು.

"ಹೀರೋ ಇಲ್ಲ, ಫೈಟ್ ಇಲ್ಲ... ಏನಿದೆ ಅಂತ ನೋಡ್ತಾರ್ರೀ?"

"ಇಲ್ಲಿ ಯಾರೂ ನಟಿಸಲ್ಲ. ಹಾಡು ಮರೆತಾಗ ನಿಮ್ಮಜ್ಜಿ ತುಟಿ ಕಚ್ಕೋತಾರಲ್ಲ... ಅದನ್ನ ಯಾವ ನಟಿ ಮಾಡ್ತಾಳೆ ಹೇಳಿ?"

ಅಂದಿನಿಂದ ಬಸ್ಸಿನಲ್ಲೂ ಅವಳು ಮೊಬೈಲಿನಲ್ಲಿ ಅಂಥವೇ ಚಿತ್ರ ನೋಡತೊಡಗಿದಳು. ಗಂಟೆ ಎರಕ ಹೊಯ್ಯುವವರು, ಕಂಬಳಿ ನೇಯುವವರು... ಗುರುತಿಲ್ಲದವರು ಅರ್ಧ ಗಂಟೆಯಲ್ಲಿ ಮನೆಯವರಾಗಿಬಿಡುತ್ತಿದ್ದರು. ಅವನು ಬರುವ ಭಾನುವಾರ ಬಂದರೆ ಸಾಕು ಅನ್ನಿಸುತ್ತಿತ್ತು.

ಆದರೆ ಜೊತೆಗೆ ದಿವ್ಯಾ ಬರುತ್ತಿದ್ದಳಲ್ಲ! ಕ್ಯಾಮೆರಾ ಹಿಡಿಯುವವಳು. ಅವನ ಹೆಗಲ ಮೇಲೆ ಕೈಹಾಕಿ "ಮಗಾ" ಅನ್ನುವವಳು. ಅವನ ತಟ್ಟೆಯಿಂದಲೇ ಚಿತ್ರಾನ್ನ ತೆಗೆದು ತಿನ್ನುವವಳು! ಆ ಚಿತ್ರಾನ್ನ ಮಾಡಿದ್ದು ಯಾರು? ವೇಣಿ!

ನಾಲ್ಕನೇ ಭಾನುವಾರ. ಇವತ್ತೇ ಕೊನೆ, ಮುಂದಿನ ವಾರದಿಂದ ಅವನು ಬರುವುದಿಲ್ಲ. ಭಾನು ಸೆರಗಿಗೆ ಪುಟ್ಟ ಮೈಕು ಸಿಕ್ಕಿಸಲು ಹೋದರೆ ಅಜ್ಜಿ ಕೊಡವಿಕೊಂಡಳು.

"ಈ ಕರೀ ಹುಳ ನಂಗ್ ಬ್ಯಾಡ ಕಣಪ್ಪ! ಪಕ್ಕದಾಗೇ ಕುಂತವ್ಳಲ್ಲಾ, ನಮ್ ವೇಣಿಗೇ ಸಿಗಿಸು."

ಮೈಕು ವೇಣಿಯ ವೇಲಿಗೆ ಬಂತು.

ಹಾಡು ಮುಗಿಯಿತು. ದಿವ್ಯಾ ಅವನ ಕಿವಿಯಲ್ಲಿ ಏನೋ ಉಸುರಿ ನಕ್ಕಳು. ಅವನ ಮುಖ ಕೆಂಪಾಯಿತು. ವೇಣಿ ಸರಕ್ಕನೆ ಎದ್ದು ಅಡುಗೆಮನೆಗೆ ಹೋಗಿ ಒಲೆಯ ಮೇಲಿನ ಹಾಲಿಗೇ ಬೈಯತೊಡಗಿದಳು.

"ಮಗಾ ಅಂತೆ, ಮಗಾ! ಅವಳು ಉಸುರಿದ್ರೆ ಕೆಂಪಾಗ್ತಾರೆ, ನಾನೊಬ್ಳು ಇದೀನಿ ಅಂತ ಕಾಣ್ಸುತ್ತಾ? ಮುಂದಿನ ಭಾನುವಾರ ನಾನ್ ಹೆಂಗ್ ಕಳೀಲಿ... ಇಷ್ಟ ಕಣ್ರೀ ನೀವಂದ್ರೆ! ಥೂ, ಹಾಲಿಗೆ ಹೇಳಿ ಏನ್ ಬಂತು!"

ಹಾಲು ಉಕ್ಕಿತು. ಒಲೆ ಆರಿಸಲು ಬಗ್ಗಿದಾಗ ವೇಲಿನ ಮೈಕು ಕಣ್ಣಿಗೆ ಬಿತ್ತು. ಅದರ ದೀಪ ಇನ್ನೂ ಉರಿಯುತ್ತಿತ್ತು.

ಅಯ್ಯೋ ದೇವರೇ...

ತಿರುಗಿದರೆ ಬಾಗಿಲಲ್ಲಿ ಭಾನು. ಕಿವಿಯ ಮೇಲೆ ಹೆಡ್‌ಫೋನು.

ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಿದ್ದ ದಿವ್ಯಾ ಅವನ ಹಿಂದಿನಿಂದ ಕೂಗಿದಳು. "ಮೇಡಂ, ಶೂಟಿಂಗ್ ಎರಡನೇ ವಾರಕ್ಕೇ ಮುಗ್ದಿತ್ತು! ಸುಮ್ಸುಮ್ನೆ ನನ್ನ ಎಳ್ಕೊಂಡ್ ಬರ್ತಿದಾನೆ. ಇವತ್ತಾದ್ರೂ ಬಾಯ್ಬಿಡು ಅಂತ ಕಿವೀಲಿ ಅಂದೆ, ಅಷ್ಟೇ. ಭಾನುವಾರಾನೂ ಮನೇಲಿ ಇರಲ್ಲ ಅಂತ ನನ್ ಗಂಡ ಬೈತಿದಾನೆ ಕಣ್ರೀ!"

ವೇಣಿಗೆ ತಲೆ ಎತ್ತಲಾಗಲಿಲ್ಲ. "ಅದನ್ನ ಅಳಿಸ್ಬಿಡಿ..."

"ಅಳಿಸ್ತೀನಿ. ಅದು ಸಿನಿಮಾಗಲ್ಲ." ಅವನು ಹೆಡ್‌ಫೋನು ತೆಗೆದ. "ಹಾಲಿಗೆ ಹೇಳಿದ್ದನ್ನ ನಂಗೊಂದ್ಸಲ ಹೇಳ್ತೀರಾ?"

ಅವಳು ಮೈಕು ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. "ಮೊದ್ಲು ಇದನ್ನ ಆಫ್ ಮಾಡಿ."

ಅವನು ಆಫ್ ಮಾಡಿದ.

"ಇಷ್ಟ ಕಣ್ರೀ..."

"ನಂಗೂ. ಮೊದಲ್ನೇ ದಿನದಿಂದ."

"ಸುಳ್ಳು! ಅವತ್ತು ಪಕ್ಕಕ್ಕೆ ಹೋಗಿ ಅಂದ್ರಲ್ಲ?" ಅವಳ ಕಣ್ಣು ತುಂಬಿತ್ತು. "ಈಗ್ಲೂ ಹೋಗ್ಲಾ?"

"ಬೇಡ ವೇಣಿ... ಅಲ್ಲೇ ಇರಿ."