ಕಾಳಿಂಗನಿಗೆ ಹೆಣ್ಣು ತೋರಿಸಿದ ಬೊಮ್ಮಕ್ಕ

ಬಹಳ ಬಹಳ ಹಿಂದೆ, ಮರಗಿಡಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಸಿರಿವಂತಿ ಅಂತೊಂದು ರಾಜ್ಯ. ಅಲ್ಲಿನ ರಾಜ ಚಂದ್ರಚೂಡನಿಗೆ ನೀಲಾಂಬೆ ಒಬ್ಬಳೇ ಮಗಳು. ಮಾಯಾವಿ ಧೂಮಾಕ್ಷ ಅವಳನ್ನು ಮದುವೆಯಾಗಲು ಬಂದ. ಅವಳು "ಒಲ್ಲೆ" ಅಂದಳು. ಅಷ್ಟಕ್ಕೇ ಆ ಪಾಪಿ ಅವಳನ್ನು ಕಲ್ಲು ಮಾಡಿಬಿಟ್ಟ!

ಆಮೇಲೆ ರಾಜನ ಮುಂದೆ ಎರಡು ಬುಟ್ಟಿ ಇಟ್ಟ. "ಇವು ಕಾಳಿಂಗ ಹಾವು. ಒಂದು ಗಂಡು, ಒಂದು ಹೆಣ್ಣು. ಇವು ಕೂಡಿ ಮೊಟ್ಟೆಯಿಟ್ಟರೆ ನಿನ್ನ ಮಗಳು ಏಳುತ್ತಾಳೆ. ಒಂದು ಇನ್ನೊಂದನ್ನು ನುಂಗಿತೋ, ಎಂದೆಂದಿಗೂ ಕಲ್ಲೇ!" ಕಾಳಿಂಗ ಅಂದರೆ ಹಾವನ್ನೇ ತಿನ್ನುವ ಹಾವು. ಅದಕ್ಕೇ ಅವನು ನಗುನಗುತ್ತಾ ಹೋದ.

ಅರಮನೆಯ ಹಾವುಗಳನ್ನು ಸಾಕುವ ಬೊಮ್ಮಕ್ಕ ಸೆರಗು ಸಿಕ್ಕಿಸಿಕೊಂಡು ಬಂದಳು. "ನಂಗೆ ಬಿಡಿ ಬುದ್ಧೀ. ಆದ್ರೆ ಅವಸರ ಮಾಡಬ್ಯಾಡಿ."

ಮೊದಲು ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು ತಿಂಗಳುಗಟ್ಟಲೆ ಹೊಟ್ಟೆ ತುಂಬ ಉಣಿಸಿದಳು. ಹಸಿದ ಗಂಡಿಗೆ ಹೆಣ್ಣೂ ಊಟವೇ ತಾನೆ! ಆಮೇಲೆ ಹೆಣ್ಣು ಮಲಗಿದ ತರಗೆಲೆಯನ್ನು ಗಂಡಿನ ಕೋಣೆಗೆ ಹಾಕಿದಳು. ಮೊದಲ ದಿನ ಗಂಡು ಎಲೆಯನ್ನೇ ಕಚ್ಚಿತು. ಎರಡನೆಯ ದಿನ ಬುಸುಗುಟ್ಟಿತು. ಮೂರನೆಯ ದಿನ ಅದರ ಮೇಲೇ ಸುರುಳಿ ಸುತ್ತಿ ಮಲಗಿತು. ಕೊನೆಗೆ ನಡುವೆ ಬಿದಿರಿನ ತಡಿಕೆ ಕಟ್ಟಿ ಒಂದಕ್ಕೊಂದನ್ನು ತೋರಿಸಿದಳು.

ಅಷ್ಟರಲ್ಲಿ ಅರಮನೆಯ ಜೋಯಿಸರು ಬಂದು, "ಇವತ್ತೇ ಮುಹೂರ್ತ, ತಡಿಕೆ ತೆಗಿ" ಅಂದರು.

"ತೆಗಿ ಬೊಮ್ಮಕ್ಕಾ, ಇನ್ನು ನನ್ನ ಕೈಲಿ ತಡೆಯೋಕಾಗಲ್ಲ" ಅಂತ ರಾಜ ಅತ್ತ.

"ಹೆಣ್ಣಿನ ಕಣ್ಣು ನೋಡಿ ಬುದ್ಧೀ, ಮಂಜು ಕವಿದದೆ. ಪೊರೆ ಬಿಡೋ ಹೊತ್ತು. ಕಣ್ಣು ಕಾಣದೆ ಸಿಡುಕೋಳ ಮುಂದೆ ಗಂಡು ತಂದು ನಿಲ್ಲಿಸ್ತಾರಾ? ಜೋಯಿಸರ ಮುಹೂರ್ತ ಮನುಷ್ಯರಿಗೆ. ಇದು ಹಾವಿನ ಮದುವೆ!"

ಜೋಯಿಸರು ಪಂಚಾಂಗ ಮಡಿಚಿದರು. ರಾಜ ಮಗಳ ಕಲ್ಲಿನ ಕೈ ಹಿಡಿದು ಕೂತ.

ಹತ್ತನೆಯ ದಿನ ಹೆಣ್ಣು ಪೊರೆ ಬಿಟ್ಟಿತು, ಕಣ್ಣು ತಿಳಿಯಾಯಿತು. ಬೊಮ್ಮಕ್ಕ ಕವೆಗೋಲು ಹಿಡಿದು ತಡಿಕೆ ಎತ್ತಿದಳು. ಗಂಡು ಆಳೆತ್ತರಕ್ಕೆ ಹೆಡೆ ಎತ್ತಿತು. ಅಯ್ಯೋ, ಮುಗೀತು ಅಂತ ರಾಜ ಕಣ್ಣು ಮುಚ್ಚಿದ. ಬೊಮ್ಮಕ್ಕ ಕೋಲನ್ನು ನಡುವೆ ಚಾಚಿ ಕಾದಳು. ಗಂಡು ಮೆಲ್ಲಗೆ ಹೆಡೆ ಇಳಿಸಿ ಹೆಣ್ಣಿನ ಬೆನ್ನಿಗೆ ಗದ್ದ ಉಜ್ಜಿತು. ಎರಡೂ ಹಗ್ಗದಂತೆ ಹೆಣೆದುಕೊಂಡವು. ಅವು ಬಿಡಿಸಿಕೊಂಡ ಕೂಡಲೇ ಬೊಮ್ಮಕ್ಕ ಮತ್ತೆ ಬೇರೆ ಮಾಡಿದಳು. "ಮದುವೆ ಆಯ್ತು ಅಂತ ನಂಬಿ ಕೂರೋಕಾಗಲ್ಲ" ಅಂದಳು.

ಎರಡು ತಿಂಗಳಿಗೆ ತರಗೆಲೆಯ ಗೂಡಿನಲ್ಲಿ ಮೊದಲ ಮೊಟ್ಟೆ ಬಿತ್ತು. ಮಾಯೆ ಮುರಿದದ್ದೇ ತಡ, ಅಲ್ಲೆಲ್ಲೋ ಇದ್ದ ಧೂಮಾಕ್ಷ ಬರೀ ಹೊಗೆಯಾಗಿ ಹಾರಿಹೋದ. ಇಲ್ಲಿ ಕಲ್ಲಿನ ರೆಪ್ಪೆ ಅಲುಗಿತು.

"ಅಪ್ಪಾ, ಇದೇನು, ಇಷ್ಟು ಬಡವಾಗಿದ್ದೀ?" ಅಂದಳು ನೀಲಾಂಬೆ.

ರಾಜ ಅವಳನ್ನು ತಬ್ಬಿ ಗೊಳೋ ಅಂತ ಅತ್ತುಬಿಟ್ಟ. ಅವತ್ತು ಅಪ್ಪ ಮಗಳು ಒಂದೇ ತಟ್ಟೆಯಲ್ಲಿ ಉಂಡರು. ಆಮೇಲೆ ಸಿರಿವಂತಿಯಲ್ಲಿ ಮನುಷ್ಯರೂ ಹಾವುಗಳೂ ಸುಖವಾಗಿ ಬಾಳಿದರು.