ದಡದಲ್ಲಿದೆ ಎಂದ ದೋಣಿ

ಬುಧವಾರ ಬೆಳಿಗ್ಗೆ ಆರೂಕಾಲಿಗೆ ರೋಸ್ಲಿದಾ ಅಕೇಯೊ, ನ್ಯಾಗೋಟ್ ಊರಿನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ ಇನ್‌ಸ್ಪೆಕ್ಟರ್ ನೆರೀಯಾ ಅವೂರ್ ಚಹಾ ಕುಡಿಯುತ್ತಿದ್ದರು. ಆ ಚಹಾದ ಸಕ್ಕರೆಗೆ ಚಮಚ ನೆಟ್ಟರೆ ಮುಂದಿನ ಚುನಾವಣೆಯವರೆಗೂ ನೆಟ್ಟಗೆ ನಿಲ್ಲುತ್ತಿತ್ತು. ವಿಕ್ಟೋರಿಯಾ ಸರೋವರದ ಮೇಲೆ ಮಂಜು ಕವಿದಿತ್ತು. ಬಾಗಿಲಲ್ಲಿದ್ದ ಕಾನ್‌ಸ್ಟೆಬಲ್ ಕಿಪ್ರೊಟಿಚ್‌ಗೆ ತನ್ನ ಬೂಟುಗಳೇ ಕಾಣುತ್ತಿರಲಿಲ್ಲ. ಅದರಲ್ಲಿ ಅರ್ಧ ತಪ್ಪು ಅವನ ಹೊಟ್ಟೆಯದು.

"ನನ್ನ ಗಂಡ ಒಚೋಲಾ ಮನೆಗೆ ಬಂದಿಲ್ಲ, ಮೇಡಂ. ಸೋಮವಾರ ಸಂಜೆ ದೋಣಿ ತಗೊಂಡು ಹೋದೋರು."

"ನಿನ್ನೆಯೇ ಯಾಕಮ್ಮ ಬರ್ಲಿಲ್ಲ?"

ಅಕೇಯೊ ಫೋನ್ ಚಾಚಿದಳು. ಮೀನುಗಾರರ ಸಂಘದ ವೆಬ್ ಪುಟ ಅದು. ಊರಿನ ಒಂದೊಂದು ದೋಣಿಯಲ್ಲೂ, ಪೊಲೀಸರದ್ದರಲ್ಲೂ, ಸಂಘ ಇಟ್ಟ ಪುಟ್ಟ ಯಂತ್ರವಿತ್ತು. ದೋಣಿ ಎಲ್ಲಿದೆಯೆಂದು ಅದು ಸುದ್ದಿ ಕಳಿಸುತ್ತಿತ್ತು. ಒಚೋಲಾನ ದೋಣಿಯ ಹೆಸರು 'ಹೇರಾ'. ಅದರ ಎದುರಿಗೆ 'ದಡದಲ್ಲಿದೆ' ಎಂದಿತ್ತು.

"ದಡ ಸೇರಿದೆ ಅಂತ ಇದೇ ಹೇಳ್ತಲ್ಲ! ಒಳ್ಳೆ ಬೆಲೆಗೆ ಪಕ್ಕದೂರಿನ ದಡಕ್ಕೆ ಹೋಗಿದ್ದಾರೆ ಅಂದ್ಕೊಂಡೆ. ಕೂಗೋಕೂ ಹೋಗ್ಲಿಲ್ಲ ನಾನು."

ಮಂಜಿನಲ್ಲಿ ದೋಣಿ ತಡವಾದರೆ ಹೆಂಗಸರು ನೀರಂಚಿನಲ್ಲಿ ನಿಂತು ಗಂಡಸರ ಹೆಸರು ಹಿಡಿದು ಕೂಗುವುದು ಅಲ್ಲಿನ ರೂಢಿ. ದನಿ ಬಂದ ದಿಕ್ಕಿಗೆ ಗಂಡಸರು ಹುಟ್ಟು ಹಾಕುತ್ತಿದ್ದರು. ಆ ಕೂಗಿಗೆ ಆಚೆ ದಡದ ಉಗಾಂಡದಲ್ಲೂ ಕೋಳಿಗಳು ಎದ್ದು ಕೂರುತ್ತಿದ್ದವಂತೆ. ಪುಟ ಬಂದ ಮೇಲೆ ಆ ಕೂಗು ಅಪರೂಪವಾಗಿತ್ತು.

ಎಫ್‌ಐಆರ್ ದಾಖಲಾಯಿತು. ಪೊಲೀಸ್ ದೋಣಿ ಹುಡುಕಲು ಹೊರಟಿತು. ಪಕ್ಕದೂರಿಗೆ ಫೋನ್ ಮಾಡಿದರೆ, 'ಹೇರಾ' ಅಲ್ಲಿಗೆ ಬಂದೇ ಇಲ್ಲವೆಂದರು. ಏಳೂವರೆಗೆ ಅವೂರ್ ಮತ್ತೆ ಆ ಪುಟ ತೆರೆದು ನೋಡಿದರು.

"ಕಿಪ್ರೊಟಿಚ್, ನಮ್ಮ ದೋಣಿ ಎಲ್ಲಿದೆ?"

"ನೀರಿನ ಮೇಲೆ, ಮೇಡಂ. ಹೋಗಿ ಎಷ್ಟು ಹೊತ್ತಾಯ್ತು."

"ಇಲ್ಲಿ ನೋಡು."

ಪುಟದ ಪ್ರಕಾರ ಪೊಲೀಸ್ ದೋಣಿಯೂ ದಡದಲ್ಲೇ ಇತ್ತು. ಊರಿನ ಒಂದೊಂದು ದೋಣಿಯೂ ದಡದಲ್ಲಿತ್ತು. ಕಿಪ್ರೊಟಿಚ್ ಕಿಟಕಿಯಾಚೆಯ ಬಿಳಿಯನ್ನೇ ನೋಡಿದ. ಅಕೇಯೊಳನ್ನೂ ಹತ್ತಿಸಿಕೊಂಡು ಅವೂರ್ ಜೀಪು ಹೊರಡಿಸಿದರು.

ಪುಟವನ್ನು ನೋಡಿಕೊಳ್ಳುತ್ತಿದ್ದವನು ಎಲಿಜಾ ಓಲೂ. ಮೀನು ತೂಗುವ ಶೆಡ್ಡಿನ ಹಿಂದೆ ಅವನ ಕೋಣೆ. ಮೇಜಿನ ಮೇಲೆ ಗುಂಯ್‌ಗುಡುವ ಕರಿ ಡಬ್ಬಿ. ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಅಕೇಯೊ ಬಾಗಿಲಲ್ಲೇ ನಿಂತಳು.

"ಇದು ಏನ್ ಮಾಡುತ್ತೆ? ನನಗೆ ಅರ್ಥ ಆಗೋ ಹಾಗೆ ಹೇಳು," ಎಂದರು ಅವೂರ್ ಡಬ್ಬಿ ತೋರಿಸಿ.

"ಇದ್ರೊಳಗೆ ಎರಡು ಪ್ರೋಗ್ರಾಮ್ ಇವೆ, ಮೇಡಂ. ಒಂದು ವೆಬ್ ಸರ್ವರ್. ಹೋಟ್ಲಿನ ಮಾಣಿ ತರ. ಯಾವ ಫೋನ್ ಬಂದು ಕೇಳಿದ್ರೂ ಪುಟ ತಂದು ಬಡಿಸುತ್ತೆ. ಅದಕ್ಕೆ ಸ್ವಂತ ಏನೂ ಗೊತ್ತಿಲ್ಲ. ಇನ್ನೊಂದು ಒಳಗಿನ ಅಡುಗೆಯವನ ತರ. ದೋಣಿಗಳ ಸುದ್ದಿ ಬರೋದು ಅದಕ್ಕೆ. ಪುಟ ಮಾಡೋದೂ ಅದೇ."

"ಅಡುಗೆಯವನು ಬಿದ್ದೋದ್ರೆ?"

"ಮಾಣಿ... ಏನೂ ಇಲ್ಲ ಅನ್ನಬೇಕು."

"ಅಂದಿತಾ?"

ಓಲೂ ಡಬ್ಬಿಯ ಕಡೆ ನೋಡಿದ. "ಇಲ್ಲ. ಹಳೇ ಪುಟದ ತಟ್ಟೆ ಒಂದು ಎತ್ತಿಟ್ಟಿರು, ಅದನ್ನೇ ಬಡಿಸು ಅಂತ ನಾನೇ ಹೇಳಿಟ್ಟಿದ್ದೆ."

"ಈಗ ಬಡಿಸ್ತಿರೋದು ಯಾವತ್ತಿನ ತಟ್ಟೆ?"

"ಸೋಮವಾರ ಮಧ್ಯಾಹ್ನದ್ದು. ಎಲ್ಲ ದೋಣಿಗಳೂ ದಡದಲ್ಲಿದ್ದವು."

"ಥೂ, ಹಳಸಿದ್ದು!" ಎಂದ ಕಿಪ್ರೊಟಿಚ್. "ನಮ್ಮ ಠಾಣೆ ನಾಯಿನೂ ಮೂಸಲ್ಲ ಕಣೋ."

"ಬಿದ್ದಿದ್ದು ನಿನಗೆ ಗೊತ್ತಿತ್ತಾ?" ಅವೂರ್ ದನಿ ಏರಿಸಲಿಲ್ಲ.

"ಗೊತ್ತಿತ್ತು. ಎಬ್ಬಿಸೋಕೆ ಸೋಮವಾರದಿಂದ ಒದ್ದಾಡ್ತಿದ್ದೀನಿ. ಈಗ ಎದ್ದುಬಿಡುತ್ತೆ, ಈಗ ಎದ್ದುಬಿಡುತ್ತೆ ಅಂತ..."

"ಮೊದಲು ಆ ಮಾಣಿ ಕೈಲಿ ನಿಜ ಹೇಳ್ಸು."

ಓಲೂ ಕೀಲಿಗಳನ್ನು ಒತ್ತಿ ಹಳೇ ಪುಟ ತೆಗೆದುಹಾಕಿದ. ಅಕೇಯೊ ಫೋನ್ ನೋಡಿಕೊಂಡಳು. ಹೇರಾ: ಗೊತ್ತಿಲ್ಲ. ಅದರ ಕೆಳಗೆ, ಊರಿನ ಎಲ್ಲ ದೋಣಿಗಳ ಹೆಸರಿನ ಮುಂದೆ, ಅದೇ ಒಂದು ಮಾತು.

ಡಬ್ಬಿ ಜಪ್ತಿಯಾಯಿತು. ಎಂಟೂಮುಕ್ಕಾಲಿಗೆ, ಸುಳ್ಳೆಂದು ಗೊತ್ತಿದ್ದೂ ಮಾಹಿತಿ ಹರಡಿ ಜೀವಕ್ಕೆ ಅಪಾಯ ತಂದ ಆರೋಪದ ಮೇಲೆ ಓಲೂನನ್ನು ಬಂಧಿಸಲಾಯಿತು. ಕಿಪ್ರೊಟಿಚ್ ಅವನ ಕೈ ಹಿಂದಕ್ಕೆ ತಂದು ಬೇಡಿ ಹಾಕಿದ.

"ಯಾಕೋ ಹೀಗೆ ಮಾಡಿದೆ?"

"ಹೋದ್ಸಲ ಪುಟ ಖಾಲಿ ಬಂದಾಗ ಎಲ್ಲರೂ ದಡಕ್ಕೆ ಓಡಿ ಕೂಗಿದ್ರು, ಸಾರ್. ನಾನು ಚಿಕ್ಕೋನಿದ್ದಾಗ ಅಪ್ಪ ಇದೇ ನೀರಿಗೆ ಹೋದ. ನಮ್ಮವ್ವ ದನಿ ಸತ್ತೋಗೋ ತನಕ ಕೂಗಿದ್ಲು. ಅಪ್ಪ ಬರ್ಲಿಲ್ಲ. ಆ ಕೂಗು ಇನ್ನೊಂದ್ಸಲ ಕೇಳಕ್ಕಾಗಲ್ಲ ನನಗೆ."

ಜೀಪು ದಡದ ದಾರಿ ಹಿಡಿಯುವಾಗಲೇ ಮನೆಮನೆಯಿಂದ ಹೆಂಗಸರು ಓಡುತ್ತಿದ್ದರು. ಮುಂದೆ ಅಕೇಯೊ, ಮೊಣಕಾಲುದ್ದ ನೀರಿನಲ್ಲಿ.

"ಒಚೋಲಾ! ಓ ಒಚೋಲಾ!"

ಅವಳ ಹಿಂದೆ ಊರಿಗೆ ಊರೇ ಕೂಗಿತು. ಜೀಪಿನೊಳಗೆ ಓಲೂ ತಲೆಯನ್ನು ಮೊಣಕಾಲುಗಳ ನಡುವೆ ಹುದುಗಿಸಿದ. ಕಿವಿ ಮುಚ್ಚಿಕೊಳ್ಳಲು ಅವನಿಗೆ ಕೈಗಳಿರಲಿಲ್ಲ.

ಅವೂರ್ ಜೀಪು ನಿಲ್ಲಿಸಲು ಹೇಳಿದರು. ಹೆಂಗಸರು ಉಸಿರೆಳೆದುಕೊಳ್ಳಲು ಒಮ್ಮೆ ತಡೆದರು. ಆ ಬಿಡುವಿನಲ್ಲಿ, ಮಂಜಿನ ಬಹಳ ಒಳಗಿನಿಂದ, ದೋಣಿಯ ಮೈಗೆ ಹುಟ್ಟಿನಿಂದ ಯಾರೋ ಬಡಿಯುವ ಸದ್ದು ಕೇಳಿಸಿತು. ಠಕ್. ಬಹಳ ಹೊತ್ತಿನ ಮೇಲೆ, ಸೋತ ಕೈಯ ಇನ್ನೊಂದು ಠಕ್.

"ಕೂಗ್ರಮ್ಮ," ಎಂದರು ಅವೂರ್ ಜೀಪಿನಿಂದ ಜಿಗಿದು. "ನಿಲ್ಲಿಸ್ಬೇಡಿ, ಕೂಗ್ರಿ!"

ಓಲೂ ತಲೆಯೆತ್ತಿದ.